ಮಗುವಿನ ಗೆರೆ, ಮರದ ಹಲಗೆ

ಎರಡನೆಯ ತರಗತಿಯ ಮಗು ಬಿಡಿಸಿದ ಹಸುವಿಗೆ ಐದು ಕಾಲುಗಳಿರಬಹುದು. ಅಡಿಯಲ್ಲಿ ಬರೆದ ಹೆಸರಿನಲ್ಲಿ ಒಂದು ತಲೆಕಟ್ಟು ಬಿಟ್ಟುಹೋಗಿರಬಹುದು. ಆ ಚಿತ್ರವನ್ನು ಮನೆಯವರು ಮರದಲ್ಲಿ ಕೆತ್ತಿ ಉಳಿಸಬಯಸಿದಾಗ ಮೊದಲು ಏಳುವ ಆಸೆ ತಿದ್ದುವುದು. ಶಿಕ್ಷಕರಿಗಂತೂ ಅದು ವೃತ್ತಿಯ ಅಭ್ಯಾಸ. ತಿದ್ದುಪಡಿ ನೋಟುಪುಸ್ತಕದಲ್ಲಿ ನಡೆಯಲಿ. ಹಲಗೆಯ ಮೇಲೆ ಮಗುವಿನ ಗೆರೆಯೇ ಇರತಕ್ಕದ್ದು. ತಿದ್ದಿದ ಹಸುವನ್ನು ಮಗು ತನ್ನದೆಂದು ಗುರುತಿಸಲಾರದು.

ಕಾಸರಗೋಡಿನ ಕಡೆ ಆಟಿ ಅಮಾವಾಸ್ಯೆಯಂದು ಯಾವ ಹಾಲೆಮರದ ತೊಗಟೆಯ ಕಷಾಯ ಕುಡಿಯುವರೋ ಅದರ ಹಲಗೆ ಹಗುರ, ಮೃದು. ಹಿಂದೆ ಶಾಲಾಮಕ್ಕಳ ಬರೆಯುವ ಹಲಗೆಗಳಿಗೂ ಇದು ಬಳಕೆಯಾಗುತ್ತಿತ್ತು. ಸಸ್ಯಶಾಸ್ತ್ರದಲ್ಲಿ ಅದಕ್ಕೆ ‘ಸ್ಕಾಲರಿಸ್’ ಎಂಬ ಹೆಸರು ಬಂದುದು ಹೀಗೆ.

ಅರ್ಧ ಅಂಗುಲ ದಪ್ಪದ ಒಣ ತುಂಡನ್ನು ಉಪ್ಪುಕಾಗದದಿಂದ ಉಜ್ಜಿ, ಚಿತ್ರದ ನಕಲನ್ನು ಕಾರ್ಬನ್ ಕಾಗದದ ಮೂಲಕ ಇಳಿಸಬೇಕು. ಉಬ್ಬುಕೆತ್ತನೆಯಲ್ಲಿ ತೆಳುಗೆರೆಗಳು ಮುರಿಯುತ್ತವೆ. ಆದ್ದರಿಂದ ಗೆರೆಯನ್ನೇ ತಗ್ಗಾಗಿ ತೋಡುವುದು ಮೇಲು. ಇಬ್ಬದಿಯಿಂದ ಓರೆಯಾಗಿ ಕೊಯ್ದರೆ ನಡುವಿನ ಚೂರು ಸುಲಭವಾಗಿ ಏಳುತ್ತದೆ. ಮರದ ಎಳೆಗೆ ಎದುರಾಗಿ ಉಳಿ ನಡೆದರೆ ಅಂಚು ಸಿಗಿಯುತ್ತದೆ. ಉಳಿ ಹಿರಿಯರ ಕೈಯಲ್ಲೇ ಇರಲಿ. ಉಜ್ಜುವ, ಎಣ್ಣೆ ಸವರುವ ಕೆಲಸ ಮಗುವಿನದು. ತೆಂಗಿನೆಣ್ಣೆ ಒಣಗದು, ಅಗಸೆ ಎಣ್ಣೆ ಒಣಗಿ ನಿಲ್ಲುತ್ತದೆ. ಆದರೆ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಇಡಬಾರದು, ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಬಯಲಿನಲ್ಲಿ ಹರಡಿ ಒಣಗಿಸತಕ್ಕದ್ದು.