ಒಂದೇ ಬಣ್ಣದ ಪುಟ

ಕಳೆದ ವರ್ಷ ನಮ್ಮ ಕಾಲೇಜಿನ ಕೆಲವು ವಿದ್ಯಾರ್ಥಿಗಳು ಮೇಲುಕೋಟೆಯನ್ನು ಕುರಿತು ಒಂದು ಜಾಲತಾಣವನ್ನು ರಚಿಸಿ ನನಗೆ ತೋರಿಸಿದರು. ಪುಟವೆಲ್ಲ ಒಂದೇ ಬಣ್ಣ. ಬೆಟ್ಟದ ಬಂಡೆಯ ಬೂದುಬಣ್ಣ. ಹಿನ್ನೆಲೆ ತೀರ ತಿಳಿಯಾದುದು, ಶೀರ್ಷಿಕೆ ತುಸು ಗಾಢ, ಬರಹ ಇವೆರಡರ ನಡುವೆ. “ಊರೇ ಕಲ್ಲಿನದಲ್ಲವೆ ಸಾರ್, ಬೇರೆ ಬಣ್ಣ ಏಕೆ?” ಎಂದರು. ಮಾತು ಮೆಚ್ಚಿಕೆಯಾಯಿತು. ಆದರೆ ಓದಲು ಕುಳಿತಾಗ ಕನ್ನಡಕವನ್ನು ಎರಡು ಬಾರಿ ಒರೆಸಿಕೊಂಡೆ. ಅಕ್ಷರಗಳೆಲ್ಲ ಮಂಜಿನಲ್ಲಿ ನಿಂತಿದ್ದವು.

ಏಕವರ್ಣದ ವಿನ್ಯಾಸವೆಂದರೆ ಒಂದು ಬಣ್ಣವನ್ನು ಎಲ್ಲೆಡೆ ಬಳಿದುಬಿಡುವುದಲ್ಲ. ಒಂದು ವರ್ಣವನ್ನು ಹಿಡಿದು, ಬಿಳುಪು ಬೆರೆಸಿ ತಿಳಿಗೊಳಿಸಿ, ಕಪ್ಪು ಬೆರೆಸಿ ಗಾಢಗೊಳಿಸಿ, ಆ ಮೆಟ್ಟಿಲುಗಳಲ್ಲಿಯೇ ಪುಟವನ್ನು ಕಟ್ಟುವುದು. ಮೆಟ್ಟಿಲುಗಳ ನಡುವಣ ಅಂತರವೇ ಇಲ್ಲಿ ಜೀವಾಳ. ಮೇಲುಕೋಟೆಯ ರಾಯಗೋಪುರವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪೂರ್ತಿಯಾಗದೆ ನಿಂತ ಆ ಕಟ್ಟಡದ ಕಂಬಗಳಿಗೆ ಕಲ್ಲಿನ ಬಣ್ಣವಲ್ಲದೆ ಬೇರೊಂದಿಲ್ಲ. ಬೆಳಗಿನ ಓರೆ ಬಿಸಿಲು ಬಿದ್ದಾಗ ಅಂಚು ಬೆಳಗುತ್ತದೆ, ಮಗ್ಗುಲು ಕಪ್ಪಾಗುತ್ತದೆ, ಕೆತ್ತನೆ ಎದ್ದು ಬರುತ್ತದೆ. ಮೋಡ ಕವಿದ ದಿನ ಅದೇ ಕೆತ್ತನೆ ಅರ್ಧ ಅಳಿದಂತೆ ತೋರುತ್ತದೆ. ನಮ್ಮ ಹುಡುಗರ ಪುಟ ಮೋಡದ ದಿನದ್ದಾಗಿತ್ತು.

ಇದಕ್ಕಿಂತಲೂ ಹತ್ತಿರದ ನಿದರ್ಶನ ತಾಳೆಗರಿ. ಮೇಲುಕೋಟೆಯ ಸಂಸ್ಕೃತ ಸಂಶೋಧನ ಸಂಸತ್ತಿನಲ್ಲಿ ಹಸ್ತಪ್ರತಿಗಳ ಸಂಗ್ರಹವಿದೆ. ದಕ್ಷಿಣದ ಲಿಪಿಕಾರರು ಗರಿಯ ಮೇಲೆ ಮಸಿಯಿಂದ ಬರೆಯುತ್ತಿರಲಿಲ್ಲ. ಕಬ್ಬಿಣದ ಮೊನೆಯಿಂದ ಕೊರೆಯುತ್ತಿದ್ದರು. ಕೊರೆದ ಅಕ್ಷರಕ್ಕೂ ಗರಿಗೂ ಬಣ್ಣ ಒಂದೇ. ಬರೆದವನಿಗೂ ಓದುವುದು ಕಷ್ಟ. ಆಮೇಲೆ ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಗರಿಗೆ ತೀಡಿ ಒರೆಸಿದರೆ ಕಪ್ಪು ಗೆರೆಗಳಲ್ಲಿ ಮಾತ್ರ ಉಳಿದು ಗ್ರಂಥ ಕಣ್ಣಿಗೆ ಬೀಳುತ್ತಿತ್ತು.

ಜಾಲತಾಣಗಳಿಗೆ ಈ ಕಾಡಿಗೆಯ ಪ್ರಮಾಣವನ್ನೂ ನಿಗದಿ ಮಾಡಿದ್ದಾರೆ. ಜಾಲದ ಅಂತರರಾಷ್ಟ್ರೀಯ ಒಕ್ಕೂಟ 2008ರಲ್ಲಿ ಪ್ರಕಟಿಸಿದ ಸೂತ್ರಗಳಂತೆ ಸಾಮಾನ್ಯ ಗಾತ್ರದ ಬರಹಕ್ಕೂ ಹಿನ್ನೆಲೆಗೂ ಬೆಳಕಿನ ಅಂತರ ಕನಿಷ್ಠ 4.5ಕ್ಕೆ 1 ಇರಬೇಕು. ದೊಡ್ಡಕ್ಷರಕ್ಕೆ 3ಕ್ಕೆ 1 ಸಾಕು. ಬಿಳಿಯ ಮೇಲಿನ ಅಚ್ಚ ಕಪ್ಪು 21ಕ್ಕೆ 1. ನಮ್ಮ ಪುಟವನ್ನು ಅಳೆದಾಗ ಎರಡೂವರೆಯೂ ಇರಲಿಲ್ಲ. ಕನ್ನಡಕ್ಕೆ ಈ ಕನಿಷ್ಠವೂ ಸಾಲದೆಂದು ನನ್ನ ಎಣಿಕೆ. ದಕಾರಕ್ಕೂ ಧಕಾರಕ್ಕೂ ಇರುವುದು ಅಡಿಯ ಒಂದು ಸಣ್ಣ ಸೀಳಿನ ವ್ಯತ್ಯಾಸ. ಮಸುಕಾದ ಪುಟದಲ್ಲಿ ದಾನಿಗಳು ಕೊಟ್ಟ ಧನವೆಲ್ಲ ದನವಾಗಿ ಮೇಯುತ್ತಿತ್ತು! ಒತ್ತಕ್ಷರಗಳ ಪಾಡನ್ನಂತೂ ಹೇಳುವಂತಿಲ್ಲ.

ಇನ್ನೊಂದು ತೊಡಕು: ಒತ್ತಿದರೆ ಬೇರೆ ಪುಟಕ್ಕೆ ಒಯ್ಯುವ ಪದಗಳನ್ನು ಸಾಮಾನ್ಯವಾಗಿ ಬಣ್ಣದಿಂದ ಗುರುತಿಸುತ್ತಾರೆ. ಏಕವರ್ಣದಲ್ಲಿ ಆ ಸೌಕರ್ಯವಿಲ್ಲ, ಅಡಿಗೆರೆ ಎಳೆಯಲೇಬೇಕು. ಒಂದೇ ಒಂದು ಅನ್ಯವರ್ಣವನ್ನು ಒಂದೇ ಕಡೆ ಬಳಸುವುದೂ ಉಂಟು. ಮೇಲುಕೋಟೆಯ ಬಿಳಿಮಣ್ಣು ನಾಮಕ್ಕೆ ಹೆಸರಾದುದು. ಕಾಶಿಯವರೆಗೂ ಹೋಗುತ್ತಿತ್ತೆಂದು ಹಳೆಯ ಗೆಜೆಟಿಯರು ಹೇಳುತ್ತದೆ. ಆ ಎರಡು ಬಿಳಿಗೆರೆಗಳ ನಡುವೆ ಕೆಂಪು ಎಷ್ಟು ಬೇಗ ಕಣ್ಣಿಗೆ ಬೀಳುತ್ತದೆ!

ಮುಂದಿನ ವಾರ ಹುಡುಗರು ಪುಟವನ್ನು ತಿದ್ದಿ ತಂದರು. ಬಣ್ಣ ಅದೇ ಬೂದು. ಬರಹ ಮಾತ್ರ ಬಂಡೆಯ ಸಂದಿನ ನೆರಳಿನಷ್ಟು ಕಪ್ಪಾಗಿತ್ತು. ಧಕಾರದ ಸೀಳು ಕನ್ನಡಕವಿಲ್ಲದೆಯೂ ಕಾಣಿಸಿತು.