ಗಾಂಜಾ ಗಿಡಕ್ಕೂ ಅವರೆಗೂ ಒಂದೇ ಗಡಿಯಾರ

ತುಮಕೂರು ತಾಲ್ಲೂಕಿನ ಊರ್ಡಿಗೆರೆ ಹೋಬಳಿಯಲ್ಲಿ, ದೇವರಾಯನದುರ್ಗದ ಬೆಟ್ಟಗಳ ಆಸುಪಾಸಿನ ಖುಷ್ಕಿ ಹೊಲಗಳಲ್ಲಿ, ರಾಗಿಯ ನಡುವೆ ಅಕ್ಕಡಿ ಸಾಲಾಗಿ ಅವರೆ ಹಾಕುವುದು ಹಳೆಯ ಪದ್ಧತಿ. ಮಳೆ ಸಕಾಲಕ್ಕೆ ಬಂದರೆ ಜುಲೈನಲ್ಲಿ ಬಿತ್ತನೆ. ಮಳೆ ಕೈಕೊಟ್ಟರೆ ಬಿತ್ತನೆ ಆಗಸ್ಟ್ ಕೊನೆಗೂ ಜಾರುತ್ತದೆ. ಆಗ ರೈತರಿಗೆ ವಿಚಿತ್ರವೊಂದು ಕಾಣುತ್ತದೆ. ತಡವಾಗಿ ಬಿತ್ತಿದ ನಾಟಿ ಅವರೆ ತಡವಾಗಿ ಹೂ ಬಿಡುವುದಿಲ್ಲ. ಮೊದಲು ಬಿತ್ತಿದ ಗಿಡ ಹೂ ಬಿಡುವ ಹೊತ್ತಿಗೇ, ಹೆಚ್ಚುಕಡಿಮೆ ಅದರ ಜೊತೆಯಲ್ಲೇ, ಇದೂ ಹೂ ಬಿಡುತ್ತದೆ. ಆದರೆ ಗಿಡ ಮಾತ್ರ ಮೊಣಕಾಲೆತ್ತರ. ಕೊಂಬೆ ಕಡಿಮೆ, ಹೂಗೊಂಚಲು ಕಡಿಮೆ, ಕಾಯಿಯೂ ಕಡಿಮೆ. ಹಾಗಾದರೆ ಗಿಡ ತನ್ನ ವಯಸ್ಸನ್ನು ಲೆಕ್ಕ ಹಾಕುತ್ತಿಲ್ಲ, ತಿಂಗಳನ್ನು ಲೆಕ್ಕ ಹಾಕುತ್ತಿದೆ. ಅದಕ್ಕೆ ಪಂಚಾಂಗ ಓದಿ ಹೇಳುವವರು ಯಾರು?

ಈ ಪ್ರಶ್ನೆಗೆ ಉತ್ತರದ ಮೊದಲ ಎಳೆ ಸಿಕ್ಕಿದ್ದು ಅವರೆಯಲ್ಲಲ್ಲ, ಗಾಂಜಾ ಜಾತಿಯ ಸೆಣಬಿನ ಗಿಡದಲ್ಲಿ. ಫ್ರಾನ್ಸಿನ ಜೂಲಿಯನ್ ಟೂರ್ನ್ವಾ ಎಂಬ ಯುವ ವಿಜ್ಞಾನಿ ಸೆಣಬು ಮತ್ತು ಅದರ ಬಂಧುವಾದ ಹಾಪ್ಸ್ ಗಿಡಗಳನ್ನು ಗಾಜಿನ ಮನೆಯಲ್ಲಿ ಚಳಿಗಾಲದಲ್ಲಿ ಬೆಳೆಸಿದಾಗ, ಅವು ಎಳೆಯದರಲ್ಲೇ ಹೂ ಬಿಡುವುದನ್ನು ಕಂಡರು. ಬೇಸಿಗೆಯ ಗಿಡಗಳಿಗೂ ದಿನಕ್ಕೆ ಕೆಲವೇ ಗಂಟೆ ಬೆಳಕು ಕೊಟ್ಟರೆ ಹಾಗೆಯೇ ಆಯಿತು. 1912ರಲ್ಲಿ ಅವರು ಇದನ್ನು ಪ್ರಕಟಿಸಿದರು. ಕೆಲಸ ಮುಂದುವರಿಯಲಿಲ್ಲ, ಮೊದಲ ಮಹಾಯುದ್ಧದಲ್ಲಿ ಅವರು ಮಡಿದರು.

ಮುಂದಿನ ಹೆಜ್ಜೆ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಅವರದು. ಬಿಲಾಕ್ಸಿ ಎಂಬ ಸೋಯಾ ಅವರೆಯನ್ನು ವಾರಗಟ್ಟಲೆ ಅಂತರದಲ್ಲಿ ಬಿತ್ತಿದರೂ ಅವೆಲ್ಲ ಸೆಪ್ಟೆಂಬರಿನ ಸುಮಾರಿಗೆ ಒಟ್ಟಿಗೇ ಹೂ ಬಿಡುತ್ತಿದ್ದವು. ಊರ್ಡಿಗೆರೆಯ ರೈತನ ಅನುಭವವೇ ಅದು! ಮೇರಿಲ್ಯಾಂಡ್ ಮ್ಯಾಮತ್ ಎಂಬ ಹೊಗೆಸೊಪ್ಪಿನ ತಳಿಯಂತೂ ಬೇಸಿಗೆಯಿಡೀ ಆಳೆತ್ತರ ಬೆಳೆದರೂ ಹೂವಿನ ಸುಳಿವಿರಲಿಲ್ಲ. ಪ್ರತಿ ಮಧ್ಯಾಹ್ನ ಕುಂಡಗಳನ್ನು ಕತ್ತಲ ಗುಡಿಸಲಿಗೆ ಸಾಗಿಸಿ ಹಗಲನ್ನು ಮೊಟಕು ಮಾಡಿದಾಗ ಅದೂ ಹೂ ಬಿಟ್ಟಿತು. 1920ರಲ್ಲಿ ಅವರು ಪ್ರಕಟಿಸಿದ ಈ ವಿದ್ಯಮಾನಕ್ಕೆ ಫೋಟೊಪೀರಿಯಾಡಿಸಮ್, ಅಂದರೆ ದ್ಯುತಿಕಾಲಿಕತೆ, ಎಂಬ ಹೆಸರು ಬಂತು. ಹಗಲು ಒಂದು ಮಿತಿಗಿಂತ ಕುಗ್ಗಿದಾಗ ಹೂ ಬಿಡುವ ಗಾಂಜಾ, ನಾಟಿ ಅವರೆ, ಸೇವಂತಿಗೆಗಳು ಹ್ರಸ್ವದಿನ ಸಸ್ಯಗಳು. ಗೋಧಿ, ಪಾಲಕ್ ಮುಂತಾದವು ದೀರ್ಘದಿನ ಸಸ್ಯಗಳು. ಟೊಮೇಟೊಗೆ ಈ ಲೆಕ್ಕವೇ ಇಲ್ಲ.

ಇನ್ನು ಅಂಕಿಗಳನ್ನು ನೋಡೋಣ. ಊರ್ಡಿಗೆರೆ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಜೂನ್ ಕೊನೆಯ ಅತಿ ದೀರ್ಘ ಹಗಲು 12 ಗಂಟೆ 55 ನಿಮಿಷ. ಡಿಸೆಂಬರಿನ ಅತಿ ಹ್ರಸ್ವ ಹಗಲು 11 ಗಂಟೆ 20 ನಿಮಿಷ. ಸೆಪ್ಟೆಂಬರ್ ಮೊದಲಲ್ಲಿ 12 ಗಂಟೆ 23 ನಿಮಿಷವಿದ್ದ ಹಗಲು ನವೆಂಬರ್ ಮೊದಲಲ್ಲಿ 11 ಗಂಟೆ 39 ನಿಮಿಷಕ್ಕೆ ಇಳಿದಿರುತ್ತದೆ. ಎರಡು ತಿಂಗಳಲ್ಲಿ ಮುಕ್ಕಾಲು ಗಂಟೆಯೂ ಇಲ್ಲದ ಈ ವ್ಯತ್ಯಾಸವನ್ನು ನಾವು ಗಮನಿಸುವುದೇ ಇಲ್ಲ. ಅವರೆ ಗಮನಿಸುತ್ತದೆ.

ಇದೇ ಲೆಕ್ಕ ಹಿಡಿದು, ಉಷ್ಣವಲಯದ ಗಾಂಜಾ ತಳಿಯನ್ನು ಯೂರೋಪಿನ ತಂಪು ಕರಾವಳಿಗೆ ಒಯ್ದರೆ ಏನಾಗುತ್ತದೆಂದು ಊಹಿಸಬಹುದು. ಕರಾವಳಿ ಎಂದೊಡನೆ ನಮಗೆ ನೆನಪಾಗುವ ಮಂಗಳೂರಿನ ಮಾತಲ್ಲ ಇದು. ಮಂಗಳೂರಿನ ಹಗಲಿಗೂ ತುಮಕೂರಿನ ಹಗಲಿಗೂ ಹೆಚ್ಚಿನ ಭೇದವಿಲ್ಲ. ನೆದರ್ಲೆಂಡ್ಸ್ ತೀರದ 52 ಡಿಗ್ರಿ ಅಕ್ಷಾಂಶದಲ್ಲಿ ಜೂನ್ ಹಗಲು 16 ಗಂಟೆ 45 ನಿಮಿಷದಷ್ಟು ದೀರ್ಘ. ಹಗಲು 12 ಗಂಟೆಯ ಸಮೀಪಕ್ಕೆ ಬರಲೆಂದು ಕಾಯುವ ನಮ್ಮ ಕಡೆಯ ಗಿಡ ಅಲ್ಲಿ ಸೆಪ್ಟೆಂಬರ್ ಕೊನೆಯವರೆಗೂ ಬರೀ ಎಲೆ ಹೊಡೆಯುತ್ತದೆ. ಹೂ ಮೂಡಿ ಬೀಜ ಬಲಿಯಲು ಇನ್ನೂ ಎರಡು ಮೂರು ತಿಂಗಳು ಬೇಕು. ಅಷ್ಟರಲ್ಲಿ ಚಳಿ, ಕಡಲ ಮಂಜು, ತೇವ. ದಟ್ಟ ಹೂಗೊಂಚಲಿನಲ್ಲಿ ಬಾಟ್ರೈಟಿಸ್ ಎಂಬ ಬೂದು ಬೂಷ್ಟು. ಗಿಡಕ್ಕೆ ಚಳಿ ಆಗದು ಎಂದು ಹೇಳಿ ಮುಗಿಸಿದರೆ ಅರ್ಧ ಉತ್ತರವಾಯಿತು. ಗಿಡದ ಗಡಿಯಾರ ಬೇರೆ ಊರಿನದು. ಉತ್ತರ ದೇಶದ ನಾರಿನ ತಳಿಯನ್ನು ಇಲ್ಲಿಗೆ ತಂದರೆ ಇದರ ತಿರುವುಮುರುವು: ಇಲ್ಲಿಯ ಯಾವ ಹಗಲೂ ಅದಕ್ಕೆ ಹ್ರಸ್ವವೇ ಆದ್ದರಿಂದ ಗೇಣೆತ್ತರದಲ್ಲೇ ಹೂ ಬಿಟ್ಟು ಮುಗಿಸುತ್ತದೆ.

ಹೆಸರಿನ ಒಂದು ಗೊಂದಲವನ್ನೂ ಇಲ್ಲಿ ಹೇಳಬೇಕು. ಲಿನೇಯಸ್ 1753ರಲ್ಲಿ ಕ್ಯಾನಬಿಸ್ ಸಟೈವ ಎಂದು ಹೆಸರಿಟ್ಟದ್ದು ಯೂರೋಪಿನ ನಾರಿನ ಗಿಡಕ್ಕೆ. ಭಾರತದ ಗಿಡಕ್ಕೆ 1785ರಲ್ಲಿ ಲಮಾರ್ಕ್ ಇಟ್ಟ ಹೆಸರು ಇಂಡಿಕ. ಇಂದು ಬಳಕೆಯ ಮಾತಿನಲ್ಲಿ ಸಟೈವ ಎನಿಸಿಕೊಳ್ಳುವ ಎತ್ತರದ, ಕಿರಿದಾದ ಎಲೆಯ ಉಷ್ಣವಲಯದ ಬಗೆಯೇ ಲಮಾರ್ಕನ ಇಂಡಿಕ! ಪರೀಕ್ಷೆಯಲ್ಲಿ ಇದನ್ನು ಕೇಳದಿರುವುದೇ ಒಳ್ಳೆಯದು.

ಗಿಡ ಅಳೆಯುವುದು ಹಗಲನ್ನೋ ಇರುಳನ್ನೋ? ಬಟ್ಟೆಗೆ ಅಂಟುವ ಮುಳ್ಳುಕಾಯಿಯ ಕ್ಸಾಂಥಿಯಮ್ ಕಳೆಯ ಮೇಲೆ ಹ್ಯಾಮ್ನರ್ ಮತ್ತು ಬಾನರ್ 1938ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಇತ್ಯರ್ಥ ಮಾಡಿತು. ದೀರ್ಘ ಇರುಳಿನ ನಡುವೆ ಸ್ವಲ್ಪ ಹೊತ್ತು ದೀಪ ಹಚ್ಚಿದರೆ ಗಿಡ ಹೂ ಬಿಡಲಿಲ್ಲ. ಹಗಲಿನ ನಡುವೆ ಕತ್ತಲೆ ಮಾಡಿದರೆ ಏನೂ ಆಗಲಿಲ್ಲ. ಲೆಕ್ಕಕ್ಕೆ ಬರುವುದು ಎಡೆಬಿಡದ ಕತ್ತಲೆ. ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಬೆಳಕಿನ ಇರವನ್ನು ಗುರುತಿಸುತ್ತದೆ. 660 ನ್ಯಾನೊಮೀಟರಿನ ಕೆಂಪು ಬೆಳಕು ಅದನ್ನು ಒಂದು ರೂಪಕ್ಕೂ, 730 ನ್ಯಾನೊಮೀಟರಿನ ದೂರಕೆಂಪು ಬೆಳಕು ಮತ್ತೆ ಹಳೆಯ ರೂಪಕ್ಕೂ ತಿರುಗಿಸುತ್ತದೆ. ಈ ದ್ರವ್ಯವೇ ಮರಳುಗಡಿಯಾರದಂತೆ ಇರುಳನ್ನು ಅಳೆಯುತ್ತದೆಂದು ಹಳೆಯ ಪಠ್ಯಪುಸ್ತಕಗಳು ಹೇಳುತ್ತಿದ್ದವು. ಅದು ಸರಿಯಲ್ಲ. ಕಾಲ ಅಳೆಯುವುದು ಜೀವಕೋಶದೊಳಗಿನ ದೈನಂದಿನ ಜೈವಿಕ ಗಡಿಯಾರ. ಬೆಳಕು ಹರಿಯಿತೆಂಬ ಸುದ್ದಿಯನ್ನು ಅದಕ್ಕೆ ಮುಟ್ಟಿಸುವುದು ಫೈಟೋಕ್ರೋಮ್. ಎರಡೂ ಹೊಂದಿದಾಗ ಎಲೆಯಲ್ಲಿ ಎಫ್‌ಟಿ ಎಂಬ ಪ್ರೋಟೀನು ತಯಾರಾಗಿ ಚಿಗುರಿನ ತುದಿಗೆ ಸಾಗುತ್ತದೆ. ರಷ್ಯದ ಚೈಲಖ್ಯಾನ್ 1930ರ ದಶಕದಲ್ಲಿ ಊಹಿಸಿ ಫ್ಲೋರಿಜೆನ್ ಎಂದು ಕರೆದ ಸಂದೇಶವಾಹಕ ಇದೇ ಎಂದು 2007ರಲ್ಲಿ ಖಚಿತವಾಯಿತು.

ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಕಡೆ ರಾತ್ರಿ ಪ್ರಯಾಣ ಮಾಡಿದವರು ಸೇವಂತಿಗೆ ತೋಟದಲ್ಲಿ ಸಾಲು ಬಲ್ಬುಗಳನ್ನು ನೋಡಿರಬಹುದು. ಅದು ಕಳ್ಳರ ಭಯಕ್ಕಲ್ಲ. ಇರುಳನ್ನು ತುಂಡರಿಸಿ ಹೂವನ್ನು ಹಬ್ಬದ ಬೆಲೆಗೆ ಮುಂದೂಡುವ ಉಪಾಯ. ಹೊಲದಂಚಿನಲ್ಲಿ ಬೀದಿದೀಪವಿದ್ದರೆ ಅದರ ಕೆಳಗಿನ ನಾಟಿ ಅವರೆ ಸಾಲು ಬೇಡವೆಂದರೂ ಇದೇ ಉಪಚಾರ ಪಡೆದು, ಬರೀ ಹಸುರಾಗಿ ನಿಲ್ಲಬಹುದು.

ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿಗೆ ಹಗಲಿನ ಲೆಕ್ಕವಿಲ್ಲ. ಯಾವಾಗ ಬಿತ್ತಿದರೂ ಸುಮಾರು ಒಂದೂವರೆ ತಿಂಗಳಲ್ಲಿ ಹೂ. ವರ್ಷವಿಡೀ ಅವರೆಕಾಯಿ ಸಿಗುತ್ತಿರುವುದು ಇವುಗಳಿಂದಲೇ. ತಡವಾದ ಬಿತ್ತನೆಗೆ ಇವು ವರದಾನ. ಹಾಗೆಂದು ಅಕ್ಕಡಿ ಸಾಲಿಗೆ ಇವೇ ಉತ್ತಮ ಎನ್ನಲಾರೆ. ನಾಟಿ ಅವರೆ ರಾಗಿ ಇರುವಷ್ಟು ದಿನ ತಗ್ಗಿಬಗ್ಗಿ ನಡೆದು, ಕೊಯ್ಲಾದ ಮೇಲೆ ಹೊಲವನ್ನೆಲ್ಲ ಹಬ್ಬಿ, ಹಿಂಗಾರಿನ ತೇವ ಹಾಗೂ ಇಬ್ಬನಿಯಲ್ಲಿ ಕಾಯಿ ಕಟ್ಟುತ್ತದೆ. ಗಿಡ್ಡ ತಳಿ ರಾಗಿಯ ನೆರಳಿನಲ್ಲೇ ತನ್ನ ಬಾಳು ಮುಗಿಸುತ್ತದೆ. ಹೊಸ ಕಾಯಿಗೆ ಸೊಗಡಿಲ್ಲ ಎಂಬ ದೂರು ಬೇರೆ. ಸೊಗಡು ಸಿಪ್ಪೆಯ ಮೇಲಿನ ಎಣ್ಣೆಯಂಥ ಕೊಬ್ಬಿನಾಮ್ಲಗಳ ಗುಣ. ಅದು ಇನ್ನೊಂದು ಲೇಖನದ ವಿಷಯ.

ಶಾಲೆಯಲ್ಲಿ ಇದನ್ನು ಮಾಡಿ ನೋಡಬಹುದು, ಅವರೆಯಲ್ಲಿ ಮಾತ್ರ. ಪರವಾನಗಿಯಿಲ್ಲದೆ ಗಾಂಜಾ ಬೆಳೆಯುವುದು 1985ರ ಮಾದಕ ದ್ರವ್ಯ ಕಾಯಿದೆಯಡಿ ಅಪರಾಧ. ಜುಲೈ ಮೊದಲ ವಾರ ಹನ್ನೆರಡು ಕುಂಡಗಳಲ್ಲಿ ನಾಟಿ ಅವರೆ ಬಿತ್ತಿ. ನಾಲ್ಕು ಕುಂಡ ಬಯಲಲ್ಲಿರಲಿ. ನಾಲ್ಕನ್ನು ಮೂರನೆಯ ವಾರದಿಂದ ಸಂಜೆ 5ರಿಂದ ಬೆಳಿಗ್ಗೆ 8ರವರೆಗೆ ಬೆಳಕು ನುಸುಳದ ಡಬ್ಬಿಯಿಂದ ಮುಚ್ಚಿ. ಉಳಿದ ನಾಲ್ಕಕ್ಕೆ ರಾತ್ರಿ 10ರಿಂದ 2ರವರೆಗೆ ಟೈಮರ್ ಹಾಕಿ ಬಲ್ಬು ಹೊತ್ತಿಸಿ. ಇವನ್ನು ಉಳಿದವುಗಳಿಂದ ದೂರವಿಡಿ. ಮೊದಲ ಹೂವಿನ ದಿನಾಂಕ, ಅಂದಿನ ಗಿಡದ ಎತ್ತರ, ಗೆಣ್ಣುಗಳ ಸಂಖ್ಯೆ ಬರೆದಿಡಿ. ಮುಚ್ಚಿದವು ಮೊದಲು, ಕುಳ್ಳಾಗಿ, ಹೂ ಬಿಡಬೇಕು. ದೀಪದ ಕೆಳಗಿನವು ಡಿಸೆಂಬರಿನಲ್ಲೂ ಎಲೆ ಹೊಡೆಯುತ್ತಿರಬೇಕು. ಭಾನುವಾರ ಡಬ್ಬಿ ಮುಚ್ಚುವವರು ಯಾರೆಂದು ಮೊದಲೇ ಗೊತ್ತುಮಾಡಿಕೊಳ್ಳಿ.