ಹಾಲಿನ ಕ್ಯಾನು, ಹುಲ್ಲಿನ ಹೊರೆ, ನಮ್ಮ ಗಾಡಿ: ಸಣ್ಣ ತಪ್ಪು, ದೊಡ್ಡ ಪೆಟ್ಟು

ಹಾಲು ಉತ್ಪಾದಕ ಅಕ್ಕ ತಂಗಿಯರೇ,

ಹತ್ತು ಹದಿನೈದು ವರ್ಷದ ಹಿಂದೆ ಡೇರಿ ಮುಂದೆ ಬೆಳಿಗ್ಗೆ ನಿಲ್ಲುತ್ತಿದ್ದ ಗಾಡಿಗಳೆಲ್ಲ ಗಂಡಸರವು. ಹೆಂಗಸರು ಕ್ಯಾನನ್ನು ಸೊಂಟದ ಮೇಲೋ ತಲೆಯ ಮೇಲೋ ಹೊತ್ತು ನಡೆದೇ ಬರುತ್ತಿದ್ದರು. ಈಗ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಯಾವ ಕಡೆ ಹೋದರೂ ನೀವೇ ಸ್ಕೂಟರ್ ಅಥವಾ ಟಿವಿಎಸ್ ಓಡಿಸಿಕೊಂಡು ಬಂದು ಹಾಲು ಹಾಕಿ ಹೋಗುತ್ತೀರಿ. ಹುಲ್ಲು ತರುವುದು, ಪಶು ಆಹಾರದ ಮೂಟೆ ತರುವುದು, ಮಗುವನ್ನು ಶಾಲೆಗೆ ಬಿಡುವುದು, ಎಲ್ಲವೂ ಅದೇ ಗಾಡಿಯಲ್ಲಿ.

ಹಸುವಿನ ಕೆಚ್ಚಲು ಬಾವಿನ ಬಗ್ಗೆ, ಕಾಲುಬಾಯಿ ಲಸಿಕೆ ಬಗ್ಗೆ ನಾವು ಎಷ್ಟೋ ಸಲ ಮಾತಾಡಿದ್ದೇವೆ. ದಿನಕ್ಕೆ ಎರಡು ಹೊತ್ತು ಹಾಲು ಹೊರುವ ಈ ಗಾಡಿಯ ಬಗ್ಗೆ ಮಾತಾಡಿದ್ದು ಕಡಿಮೆ. ಗಾಡಿಯಿಂದ ಆಗುವ ಅನಾಹುತಗಳಲ್ಲಿ ಎಷ್ಟೋ "ಅಯ್ಯೋ, ಇಷ್ಟೇ ತಾನೆ" ಎನ್ನುವ ತಪ್ಪಿನಿಂದಲೇ ಆಗುತ್ತವೆ. ಬಿದ್ದರೆ ಒಂದು ಹೊತ್ತಿನ ಹಾಲು ಹೋಗುತ್ತದೆ, ಅದು ಹೋಗಲಿ. ಕೈ ಮುರಿದರೆ ಆರು ವಾರ ಹಾಲು ಕರೆಯುವವರು ಯಾರು?

ಹೊರಡುವ ಮುನ್ನ

ಮೊದಲನೆಯದು ಸೈಡ್ ಸ್ಟ್ಯಾಂಡ್. ಕ್ಯಾನು ಕಟ್ಟುವಾಗ ಗಾಡಿ ಸೈಡ್ ಸ್ಟ್ಯಾಂಡ್ ಮೇಲೆ ಇರುತ್ತದೆ. ಹೊತ್ತಾಯಿತು ಎಂದು ಹಾಗೇ ಹೊರಟುಬಿಡುತ್ತೇವೆ. ನೇರ ರಸ್ತೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಎಡಕ್ಕೆ ತಿರುಗಿ ಗಾಡಿ ವಾಲಿದಾಗ ಸ್ಟ್ಯಾಂಡ್ ನೆಲಕ್ಕೆ ತಾಗಿ ಗಾಡಿಯನ್ನೇ ಎತ್ತಿ ಹಾಕುತ್ತದೆ. ಕೆಲವು ಹೊಸ ಗಾಡಿಗಳು ಸ್ಟ್ಯಾಂಡ್ ಇಳಿದಿದ್ದರೆ ಸ್ಟಾರ್ಟ್ ಆಗುವುದಿಲ್ಲ. ಹಳೆಯದಕ್ಕೆ ಆ ವ್ಯವಸ್ಥೆ ಇಲ್ಲ. ಕೀಲಿ ತಿರುಗಿಸುವ ಮುನ್ನ ಎಡಗಾಲಿನಿಂದ ಒಮ್ಮೆ ಸ್ಟ್ಯಾಂಡನ್ನು ಹಿಂದಕ್ಕೆ ತಳ್ಳಿ ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಎರಡನೆಯದು ಸೆರಗು. ಸೀರೆ ಸೆರಗು, ಚೂಡಿದಾರದ ವೇಲು, ಚಳಿಗೆ ಹೊದ್ದ ಟವೆಲ್ಲು ಗಾಳಿಗೆ ಹಿಂದೆ ಹಾರಿ ಚಕ್ರಕ್ಕೋ ಚೈನಿಗೋ ಸಿಕ್ಕಿಕೊಳ್ಳುತ್ತವೆ. ಸಿಕ್ಕಿದ ಕ್ಷಣದಲ್ಲೇ ಕತ್ತು ಹಿಂದಕ್ಕೆ ಎಳೆದುಬಿಡುತ್ತದೆ, ಬ್ರೇಕ್ ಹಿಡಿಯಲು ಹೊತ್ತೇ ಇರುವುದಿಲ್ಲ. ಸೆರಗನ್ನು ಸೊಂಟಕ್ಕೆ ಸುತ್ತಿ ಸಿಕ್ಕಿಸಿ. ವೇಲನ್ನು ಕತ್ತಿಗೆ ಸುತ್ತಬೇಡಿ, ಎರಡೂ ತುದಿ ಮುಂದೆ ತಂದು ಗಂಟು ಹಾಕಿ. ಸ್ವೆಟರ್ ಅಥವಾ ಹಳೆಯ ಷರ್ಟನ್ನು ಮೇಲೆ ತೊಟ್ಟರೆ ಇನ್ನೂ ಒಳ್ಳೆಯದು. ಹೊರೆ ಕಟ್ಟಲು ಅಡ್ಡಿ ಎಂದು ಹಿಂದಿನ ಚಕ್ರದ ಪಕ್ಕದ ಸೀರೆ ಗಾರ್ಡನ್ನು ಬಿಚ್ಚಿಸಿದ್ದರೆ ಮತ್ತೆ ಹಾಕಿಸಿ.

ಮೂರನೆಯದು ಹೆಲ್ಮೆಟ್. "ಇಲ್ಲೇ ಡೇರಿ, ಅರ್ಧ ಕಿಲೋಮೀಟರ್" ಎಂದು ಮನೆಯಲ್ಲೇ ಬಿಡುತ್ತೇವೆ. ಕೆಲವರು ಹಾಕಿಕೊಂಡರೂ ಪಟ್ಟಿ ಬಿಗಿಯುವುದಿಲ್ಲ. ಪಟ್ಟಿ ಬಿಗಿಯದ ಹೆಲ್ಮೆಟ್ ತಲೆಗಿಂತ ಮೊದಲೇ ಹಾರಿ ಹೋಗುತ್ತದೆ. ಕೊಳ್ಳುವಾಗ ಐಎಸ್‌ಐ ಗುರುತು ಮತ್ತು ಐಎಸ್ 4151 ಎಂಬ ಸಂಖ್ಯೆ ನೋಡಿ ಕೊಳ್ಳಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಪ್ರಕಾರ 4 ವರ್ಷ ದಾಟಿದ ಮಕ್ಕಳಿಗೂ ಹೆಲ್ಮೆಟ್ ಕಡ್ಡಾಯ.

ಹೊರೆ ಕಟ್ಟುವ ರೀತಿ

ಒಂದು ಲೀಟರ್ ಹಾಲು ಒಂದು ಕೆಜಿಗಿಂತ ಸ್ವಲ್ಪ ಹೆಚ್ಚೇ ತೂಗುತ್ತದೆ. 20 ಲೀಟರ್ ಹಾಲೆಂದರೆ 20 ಕೆಜಿ ದಾಟಿತು, ಕ್ಯಾನಿನ ತೂಕ ಬೇರೆ. ಅದನ್ನು ಹ್ಯಾಂಡಲ್ಲಿನ ಒಂದು ಬದಿಗೆ ನೇತುಹಾಕಿದರೆ ಗಾಡಿ ಇಡೀ ದಾರಿ ಆ ಕಡೆಗೇ ಎಳೆಯುತ್ತಿರುತ್ತದೆ. ನೀವು ಇನ್ನೊಂದು ಕಡೆಗೆ ಎಳೆದು ಸರಿ ಮಾಡುತ್ತಾ ಹೋಗುತ್ತೀರಿ. ಗುಂಡಿಯೊಂದು ಬಂದರೆ ಆ ಸಮತೋಲ ತಪ್ಪಿತು.

ಅರ್ಧ ತುಂಬಿದ ಕ್ಯಾನು ಇನ್ನೂ ಕಷ್ಟ. ತುಂಬಿದ ಕ್ಯಾನಿನಲ್ಲಿ ಹಾಲು ಅಲ್ಲಾಡುವುದಿಲ್ಲ. ಅರ್ಧ ಇದ್ದರೆ ಬ್ರೇಕ್ ಹಿಡಿದಾಗ ಮುಂದಕ್ಕೆ, ತಿರುಗಿದಾಗ ಪಕ್ಕಕ್ಕೆ ನುಗ್ಗಿ ಗಾಡಿಯನ್ನೂ ಜೊತೆಗೆ ತಳ್ಳುತ್ತದೆ. ಆದ್ದರಿಂದ ಎರಡು ಅರ್ಧ ಕ್ಯಾನುಗಳ ಬದಲು ಹಾಲಿಗೆ ತಕ್ಕ ಅಳತೆಯ ಒಂದು ಕ್ಯಾನು ತೆಗೆದುಕೊಳ್ಳಿ. ಎರಡು ಬೇಕೇ ಬೇಕಾದರೆ ಎಡಕ್ಕೂ ಬಲಕ್ಕೂ ಸಮ ತೂಕ ಬರುವಂತೆ ಕಟ್ಟಿ.

ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ಕ್ಯಾನು ಇಟ್ಟುಕೊಳ್ಳುವವರು ಹೆಚ್ಚು. ತೂಕ ಕೆಳಗಿರುವುದರಿಂದ ಗಾಡಿಗೆ ಅದು ಒಳ್ಳೆಯದೇ. ಆದರೆ ಹೊರಡುವ ಮುನ್ನ ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿ. ಕ್ಯಾನಿನ ಹಿಡಿಗೋ ನಿಮ್ಮ ಮೊಣಕಾಲಿಗೋ ತಾಗಿದರೆ ತಿರುವಿನಲ್ಲಿ ಗಾಡಿ ಅರ್ಧಕ್ಕೇ ನಿಲ್ಲುತ್ತದೆ. ಎರಡೂ ಪಾದ ಇಡಲು ಜಾಗ ಇರಬೇಕು, ಕಾಲು ಹೊರಗೆ ಜೋತಾಡಬಾರದು.

ನೇಪಿಯರ್ ಹುಲ್ಲನ್ನಾಗಲಿ ಜೋಳದ ಕಡ್ಡಿಯನ್ನಾಗಲಿ ಅಡ್ಡಡ್ಡ ಕಟ್ಟಬೇಡಿ. ಗಾಡಿಯ ಅಗಲ ಎರಡು ಅಡಿ ಎಂದು ನಿಮ್ಮ ಮನಸ್ಸು ಲೆಕ್ಕ ಹಾಕುತ್ತಿರುತ್ತದೆ, ಹೊರೆಯ ಅಗಲ ಆರು ಅಡಿ ಇರುತ್ತದೆ. ಪಕ್ಕದಲ್ಲಿ ಹೋಗುವ ಟೆಂಪೋಗೆ ಹುಲ್ಲಿನ ತುದಿ ತಾಗಿದರೂ ಸಾಕು. ಉದ್ದುದ್ದ ಕಟ್ಟಿ, ಹಿಂದಿನ ಲೈಟು, ಇಂಡಿಕೇಟರ್ ಮುಚ್ಚದಂತೆ ನೋಡಿಕೊಳ್ಳಿ. ಹಗ್ಗದ ತುದಿ ಜೋತಾಡುತ್ತಿದ್ದರೆ ಅದೂ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ.

ದಾರಿಯಲ್ಲಿ

ಮಾರ್ಗಶಿರ, ಪುಷ್ಯ ಮಾಸದಲ್ಲಿ ನಮ್ಮ ರಸ್ತೆಗಳೇ ಕಣ. ರಾಗಿ ತೆನೆ, ಹುರುಳಿ ಗಿಡ ರಸ್ತೆಯ ಮೇಲೆ ಹರವಿರುತ್ತದೆ. ಒಣ ಹುಲ್ಲು, ಉದುರಿದ ಕಾಳಿನ ಮೇಲೆ ಚಕ್ರ ಉರುಳುವುದಕ್ಕಿಂತ ಜಾರುವುದೇ ಹೆಚ್ಚು. ಅಲ್ಲಿ ದಿಢೀರನೆ ಬ್ರೇಕ್ ಹಿಡಿದರೆ ಬೀಳುವುದು ಖಂಡಿತ. ಮುಂಚೆಯೇ ವೇಗ ಇಳಿಸಿ, ಹ್ಯಾಂಡಲ್ ನೇರ ಹಿಡಿದು ನಿಧಾನವಾಗಿ ದಾಟಿ. ದಾಟಿದ ಮೇಲೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಚೈನಿಗೆ, ಚಕ್ರಕ್ಕೆ, ಸೈಲೆನ್ಸರಿಗೆ ಹುಲ್ಲು ಸುತ್ತಿದೆಯೇ ನೋಡಿ. ಬಿಸಿ ಸೈಲೆನ್ಸರಿಗೆ ಸಿಕ್ಕಿದ ಹುಲ್ಲು ಹೊತ್ತಿಕೊಂಡರೆ ಗಾಡಿಯೇ ಸುಟ್ಟುಹೋಗುತ್ತದೆ. ಇನ್ನೊಂದು ಮಾತು: ರಸ್ತೆಯಲ್ಲಿ ತೆನೆ ಹರವುವವರು ನಾವೇ, ಅದರ ಮೇಲೆ ಜಾರಿ ಬೀಳುವವರೂ ನಮ್ಮವರೇ. ಊರಲ್ಲಿ ಒಂದು ಕಣ ಮಾಡಿಕೊಳ್ಳುವ ವಿಚಾರವನ್ನು ಸಂಘದ ಸಭೆಯಲ್ಲಿ ಎತ್ತಿ.

ಅದೇ ತಿಂಗಳಲ್ಲಿ ನಂದಿ ಬೆಟ್ಟದ ಸುತ್ತಿನ ಊರುಗಳಲ್ಲಿ ಬೆಳಗಿನ ಜಾವ ಮಂಜು. 2017ರ ನಂತರದ ಗಾಡಿಗಳಲ್ಲಿ ಹೆಡ್‌ಲೈಟ್ ತಾನಾಗಿಯೇ ಉರಿಯುತ್ತಿರುತ್ತದೆ. ಹಳೆಯ ಗಾಡಿಯವರು ಮರೆಯದೆ ಹಾಕಬೇಕು. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಲೋ ಬೀಮ್ ಸಾಕು.

ಹೆದ್ದಾರಿ ಪಕ್ಕದ ಊರಿನವರು ಇದನ್ನು ಗಮನವಿಟ್ಟು ಓದಿ. ತುಮಕೂರು ರಸ್ತೆ, ಬಳ್ಳಾರಿ ರಸ್ತೆ, ಕೋಲಾರ ರಸ್ತೆ, ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಮೂಲಕ ಹೊಸಕೋಟೆಗೆ ಹೋಗುವ ರಸ್ತೆ, ಎಲ್ಲದರಲ್ಲೂ ಲಾರಿಗಳು ಹಗಲು ರಾತ್ರಿ ಓಡುತ್ತವೆ. ತಿರುವು ದೂರ ಎಂದು ಎದುರು ದಿಕ್ಕಿನಲ್ಲಿ, ಅಂಚಿನಲ್ಲಿ ಬರುವುದು ನಮಗೆ ಅಭ್ಯಾಸವಾಗಿದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಎದುರಿನ ಲಾರಿ 60ರಲ್ಲಿ ಬಂದರೆ ಇಬ್ಬರ ನಡುವಿನ ದೂರ ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಕಡಿಮೆಯಾಗುತ್ತದೆ. "ನೋಡಿಕೊಂಡು ಹೋಗ್ತೀನಿ" ಎನ್ನುವಷ್ಟು ಹೊತ್ತು ಅಲ್ಲಿ ಸಿಗುವುದಿಲ್ಲ.

ಫೋನನ್ನು ಹೆಲ್ಮೆಟ್ ಒಳಗೆ ಸಿಕ್ಕಿಸಿಕೊಂಡು ಮಾತಾಡುವುದೂ ಇದೇ ಲೆಕ್ಕದ ತಪ್ಪು. ಕರೆ ಬಂದರೆ ಪಕ್ಕಕ್ಕೆ ನಿಲ್ಲಿಸಿ ಮಾತಾಡಿ.

ಬ್ರೇಕ್ ವಿಚಾರ: ಮುಂದಿನ ಬ್ರೇಕ್ ಹಿಡಿದರೆ ಬೀಳುತ್ತೇವೆಂದು ಹೆದರಿ ಬರೀ ಹಿಂದಿನದನ್ನೇ ಹಿಡಿಯುವವರಿದ್ದಾರೆ. ಬ್ರೇಕ್ ಹಿಡಿದಾಗ ಗಾಡಿಯ ತೂಕ ಮುಂದಕ್ಕೆ ಬರುತ್ತದೆ, ನಿಲ್ಲಿಸುವ ಶಕ್ತಿ ಮುಂದಿನ ಚಕ್ರಕ್ಕೇ ಹೆಚ್ಚು. ಎರಡನ್ನೂ ಒಟ್ಟಿಗೆ, ಹಿಂಡುವ ಹಾಗೆ ಮೆಲ್ಲಗೆ ಹಿಡಿಯಿರಿ. ಮರಳು, ಸಗಣಿ, ಕೆಸರು ಇರುವ ಕಡೆ ಮಾತ್ರ ಮೊದಲೇ ವೇಗ ಇಳಿಸಿಕೊಳ್ಳಿ.

ಮನೆಯಲ್ಲಿ ಗಾಡಿ ನೋಡಿಕೊಳ್ಳುವಾಗ

ಎಂಜಿನ್ ಓಡುತ್ತಿರುವಾಗ ಚೈನ್ ಒರೆಸುವುದು ಎಲ್ಲಕ್ಕಿಂತ ಕೆಟ್ಟ ತಪ್ಪು. ಬಟ್ಟೆ ಹಿಡಿದು ನಿಂತರೆ ಚೈನ್ ತಾನೇ ತಿರುಗಿ ಶುಚಿಯಾಗುತ್ತದೆ ಎನ್ನುವುದು ಸುಲಭದ ಉಪಾಯದಂತೆ ಕಾಣುತ್ತದೆ. ಬಟ್ಟೆ ಸಿಕ್ಕಿದರೆ ಅದರ ಹಿಂದೆ ಬೆರಳೂ ಹಲ್ಲಿನ ಚಕ್ರಕ್ಕೆ ಹೋಗುತ್ತದೆ. ಹಾಲು ಕರೆಯುವ ಕೈ ಅದು. ಎಂಜಿನ್ ಆಫ್ ಮಾಡಿ, ಕೀಲಿ ತೆಗೆದು, ನಡು ಸ್ಟ್ಯಾಂಡ್ ಹಾಕಿ, ಚಕ್ರವನ್ನು ಕೈಯಿಂದ ತಿರುಗಿಸುತ್ತಾ ಒರೆಸಿ. ಎಣ್ಣೆ ಬಿಡುವಾಗ ಟೈರಿಗೂ ಬ್ರೇಕ್ ಡ್ರಮ್ಮಿಗೂ ಒಂದು ಹನಿಯೂ ತಾಗಬಾರದು. ಟೈರ್ ಹೊಳೆಯಲಿ ಎಂದು ಎಣ್ಣೆ ಒರೆಸುವುದೂ ಬೇಡ.

ಚೈನನ್ನು ತಂತಿಯಂತೆ ಬಿಗಿ ಮಾಡಿಸಬೇಡಿ. ಬೆರಳಿನಿಂದ ಎತ್ತಿದರೆ ಸುಮಾರು ಒಂದು ಅಂಗುಲ ಆಡಬೇಕು, ನಿಮ್ಮ ಗಾಡಿಯ ಸರಿಯಾದ ಅಳತೆ ಅದರ ಪುಸ್ತಕದಲ್ಲಿರುತ್ತದೆ. ಚೈನ್ ಬಿಗಿ ಮಾಡಿದಾಗ ಹಿಂದಿನ ಚಕ್ರ ಹಿಂದಕ್ಕೆ ಸರಿಯುತ್ತದೆ, ಅದರಿಂದ ಹಿಂದಿನ ಬ್ರೇಕೂ ಬಿಗಿಯಾಗಬಹುದು. ಚಕ್ರ ಸಲೀಸಾಗಿ ತಿರುಗುತ್ತದೆಯೇ, ನಟ್ಟು ಬಿಗಿಯಾಗಿದೆಯೇ ಎಂದು ನೋಡಿಯೇ ಗಾಡಿ ತೆಗೆಯಿರಿ.

ಎಂಜಿನ್ ಆಯಿಲ್ ವಿಚಾರದಲ್ಲಿ ಹಳೆಯ ಅಭ್ಯಾಸ ಒಂದು ಉಳಿದುಕೊಂಡಿದೆ. 1980ರಲ್ಲಿ ಬಂದ ಟಿವಿಎಸ್ 50ರಂತಹ ಟೂ ಸ್ಟ್ರೋಕ್ ಗಾಡಿಗಳಿಗೆ ಪೆಟ್ರೋಲ್ ಜೊತೆಗೇ ಆಯಿಲ್ ಬೆರೆಸಬೇಕಿತ್ತು. ಈಗಿನ ಎಕ್ಸ್‌ಎಲ್ 100 ಫೋರ್ ಸ್ಟ್ರೋಕ್. ಇದರ ಪೆಟ್ರೋಲಿಗೆ ಆಯಿಲ್ ಬೆರೆಸಬಾರದು. ಆಯಿಲ್ ಎಂಜಿನ್ ಒಳಗೇ ಬೇರೆ ಇರುತ್ತದೆ, ಹದಿನೈದು ದಿನಕ್ಕೊಮ್ಮೆ ಮಟ್ಟದ ನೆಲದಲ್ಲಿ ನಿಲ್ಲಿಸಿ ಕಡ್ಡಿ ತೆಗೆದು ನೋಡಬೇಕು. "ಪೆಟ್ರೋಲ್ ಹಾಕಿದರೆ ಆಯಿತು" ಎಂದು ಓಡಿಸಿ ಎಂಜಿನ್ ಹಿಡಿದುಕೊಂಡರೆ ಖರ್ಚು ಸಾವಿರಗಳಲ್ಲಿ.

ಟೈರಿನ ಗಾಳಿಯನ್ನು ಗಾಡಿ ಓಡಿ ಬಿಸಿಯಾಗುವ ಮುನ್ನವೇ ನೋಡಿಸಿ. ಹೊರೆ ಹೊರುವ ಗಾಡಿಯಲ್ಲಿ ಹಿಂದಿನ ಟೈರಿಗೆ ಹೆಚ್ಚು ಗಾಳಿ ಬೇಕು, ಎರಡಕ್ಕೂ ಒಂದೇ ಅಳತೆ ಹಾಕಿಸಬೇಡಿ. ಗಾಡಿ ತೊಳೆದ ಮೇಲೆ ಬ್ರೇಕ್ ಒದ್ದೆಯಾಗಿರುತ್ತದೆ. ಸ್ವಲ್ಪ ದೂರ ನಿಧಾನವಾಗಿ ಹೋಗಿ ಎರಡು ಮೂರು ಸಲ ಬ್ರೇಕ್ ಒತ್ತಿ ಒಣಗಿಸಿಕೊಳ್ಳಿ.

ಕೊನೆಯದು ಕೊಟ್ಟಿಗೆ. ಬಿಸಿ ಗಾಡಿಯನ್ನು ಒಣ ಹುಲ್ಲಿನ ಪಕ್ಕ, ಮೆದೆಯ ಬುಡದಲ್ಲಿ ನಿಲ್ಲಿಸಬೇಡಿ. ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿದೆ ಎಂದು ಕಡ್ಡಿ ಗೀರಿ ನೋಡಬೇಡಿ. ಬಾಟಲಿಯಲ್ಲಿ ಪೆಟ್ರೋಲ್ ತಂದು ಕೊಟ್ಟಿಗೆಯ ಮೂಲೆಯಲ್ಲಿ ಇಡಬೇಡಿ. ಬ್ಯಾಟರಿ ಗಾಡಿ ಇದ್ದರೆ ಹುಲ್ಲು ಇರುವ ಕಡೆ ಚಾರ್ಜಿಗೆ ಹಾಕಬೇಡಿ. ಕಟ್ಟಿದ ಹಸು ಬೆಂಕಿ ಕಂಡು ಓಡಿ ಹೋಗಲಾರದು.

ಕಾಗದ ಪತ್ರ: ನಿಮ್ಮ ಹೆಸರಲ್ಲಿ ಏನಿದೆ?

ಗಾಡಿ ಯಜಮಾನರ ಹೆಸರಲ್ಲಿ, ಓಡಿಸುವುದು ನೀವು. ಎಷ್ಟೋ ಮನೆಗಳಲ್ಲಿ ಹೀಗೆಯೇ. ವಿಮೆಯ ಜೊತೆಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ರಕ್ಷಣೆ ಇರುತ್ತದೆ. ಅದು ಆರ್‌ಸಿಯಲ್ಲಿ ಹೆಸರಿರುವ ಮಾಲೀಕರಿಗೆ, ಅದೂ ಅವರಿಗೆ ಚಾಲ್ತಿಯಲ್ಲಿರುವ ಲೈಸೆನ್ಸ್ ಇದ್ದರೆ ಮಾತ್ರ. ಗಂಡನ ಗಾಡಿ ಓಡಿಸುವಾಗ ಹೆಂಡತಿಗೆ ಏನಾದರೂ ಆದರೆ ಆ ಹಣ ಬರುವುದಿಲ್ಲ. 2018ರ ಸೆಪ್ಟೆಂಬರ್ ನಂತರ ಕೊಂಡ ಹೊಸ ಗಾಡಿಗೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಸಿಗುತ್ತದೆ. ಆದರೆ ಅದರ ಜೊತೆಗಿನ ವೈಯಕ್ತಿಕ ಅಪಘಾತ ರಕ್ಷಣೆ ಹಲವು ಪಾಲಿಸಿಗಳಲ್ಲಿ ಒಂದೇ ವರ್ಷಕ್ಕೆ. ಪಾಲಿಸಿ ತೆಗೆದು ದಿನಾಂಕ ನೋಡಿ.

ಹಾಗಾಗಿ ಮೂರು ಕೆಲಸ ಮಾಡಿ. ಒಂದು, ಲೈಸೆನ್ಸ್ ಮಾಡಿಸಿ. ಎಲ್‌ಎಲ್ಆರ್ ಆರು ತಿಂಗಳಿಗೆ ಮಾತ್ರ, ಅಷ್ಟರಲ್ಲಿ ಟೆಸ್ಟ್ ಕೊಟ್ಟು ಪಕ್ಕಾ ಲೈಸೆನ್ಸ್ ಪಡೆಯಬೇಕು. ಹದಿನೆಂಟು ತುಂಬದ ಮಗನ ಕೈಗೆ "ಹಾಲು ಹಾಕಿ ಬಾ" ಎಂದು ಗಾಡಿ ಕೊಡಬೇಡಿ, ಕೇಸು ನಿಮ್ಮ ಮೇಲೇ ಬರುತ್ತದೆ. ಎರಡು, ಹೆಚ್ಚು ಓಡಿಸುವವರು ನೀವಾದರೆ ಮುಂದಿನ ಗಾಡಿಯನ್ನು ನಿಮ್ಮ ಹೆಸರಲ್ಲೇ ಕೊಳ್ಳಿ. ಮೂರು, ಬಟವಾಡೆ ಹಣ ಬರುವ ನಿಮ್ಮ ಬ್ಯಾಂಕ್ ಖಾತೆಯಲ್ಲೇ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸೇರಿಕೊಳ್ಳಿ. ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದವರಿಗೆ ಅಪಘಾತದಲ್ಲಿ ಸಾವಾದರೆ 2 ಲಕ್ಷ, ಒಂದು ಕೈ, ಒಂದು ಕಾಲು ಅಥವಾ ಒಂದು ಕಣ್ಣು ಪೂರ್ತಿ ಹೋದರೆ 1 ಲಕ್ಷ ಸಿಗುತ್ತದೆ.

ಯಾರಾದರೂ ಬಿದ್ದರೆ

2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಹರೀಶ್ ನಂಜಪ್ಪ ಎಂಬ ಯುವಕ ಬೈಕಿನಲ್ಲಿ ಬರುವಾಗ ಲಾರಿಗೆ ಸಿಕ್ಕಿದ್ದು, ಸಾಯುವ ಹೊತ್ತಿನಲ್ಲೂ ತನ್ನ ಅಂಗಾಂಗ ದಾನ ಮಾಡಿ ಎಂದು ಕೇಳಿದ್ದು ನಿಮಗೆ ನೆನಪಿರಬಹುದು. ಅವರ ಹೆಸರಿನಲ್ಲೇ ರಾಜ್ಯ ಸರ್ಕಾರ ಅದೇ ವರ್ಷ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ತಂದಿತು. ಗಾಯಾಳುವಿಗೆ ಮೊದಲ 48 ಗಂಟೆಯ ಚಿಕಿತ್ಸೆ ಹಣವಿಲ್ಲದೆ ನಿಲ್ಲಬಾರದು ಎಂಬುದು ಅದರ ಉದ್ದೇಶ. 2025ರಲ್ಲಿ ಕೇಂದ್ರ ಸರ್ಕಾರವೂ ರಸ್ತೆ ಅಪಘಾತದ ಗಾಯಾಳುಗಳಿಗೆ 7 ದಿನದವರೆಗೆ, 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆಯ ಯೋಜನೆ ಜಾರಿಗೆ ತಂದಿದೆ.

ಆದ್ದರಿಂದ ದಾರಿಯಲ್ಲಿ ಯಾರಾದರೂ ಬಿದ್ದಿದ್ದರೆ ಸುಮ್ಮನೆ ನೋಡುತ್ತಾ ನಿಲ್ಲಬೇಡಿ. 108ಕ್ಕೆ ಕರೆ ಮಾಡಿ. ಗಾಯಾಳುವಿಗೆ ನೆರವಾದವರ ಮೇಲೆ ಕೇಸು ಬರುತ್ತದೆಂಬ ಹೆದರಿಕೆ ಬೇಡ, 2019ರ ತಿದ್ದುಪಡಿ ನೆರವು ನೀಡಿದವರಿಗೆ ರಕ್ಷಣೆ ಕೊಟ್ಟಿದೆ. ತಲೆಗೋ ಕತ್ತಿಗೋ ಪೆಟ್ಟಾದವರನ್ನು ಎಳೆದಾಡಿ ಕೂರಿಸಬೇಡಿ, ಬಾಯಿಗೆ ನೀರು ಹಾಕಬೇಡಿ. ರಕ್ತ ಬರುವ ಕಡೆ ಶುಭ್ರ ಬಟ್ಟೆ ಒತ್ತಿ ಹಿಡಿಯಿರಿ.

ಹಾಲು ಕರೆಯುವ ಮುನ್ನ ನೀವು ಕೆಚ್ಚಲು ತೊಳೆಯುವುದನ್ನು ಯಾರೂ ಹೇಳಬೇಕಿಲ್ಲ, ಕೈ ತಾನೇ ಮಾಡುತ್ತದೆ. ಗಾಡಿಗೂ ಅಷ್ಟೇ: ಸ್ಟ್ಯಾಂಡು, ಸೆರಗು, ಹೆಲ್ಮೆಟ್ ಪಟ್ಟಿ, ಬ್ರೇಕು, ಗಾಳಿ, ಹೊರೆಯ ಹಗ್ಗ. ಆರು ವಿಷಯ, ಒಂದೇ ನಿಮಿಷ. ನಾಳೆ ಬೆಳಿಗ್ಗೆ ಡೇರಿಗೆ ಹೊರಡುವ ಮುನ್ನ ಒಮ್ಮೆ ಗಾಡಿಯ ಸುತ್ತ ನಡೆದು ನೋಡಿ. ಪಕ್ಕದ ಮನೆಯಾಕೆ ಸೆರಗು ಹಾರಿಸಿಕೊಂಡು ಹೊರಟರೆ ಕೂಗಿ ನಿಲ್ಲಿಸಿ. ಬೈದುಕೊಂಡರೂ ಪರವಾಗಿಲ್ಲ, ಸಂಜೆ ಹಾಲು ಹಾಕಲು ಅವಳೂ ನಿಮ್ಮ ಜೊತೆ ಸಾಲಿನಲ್ಲಿ ನಿಂತಿರುತ್ತಾಳೆ.